ಬಿಸಿಲು ಊಟವಲ್ಲ

ಮಾರ್ಚ್ ತಿಂಗಳ ಬಿಸಿಲಿನಲ್ಲಿ ಕರಿ ಕಂಬಳಿ ಹೊದ್ದು ಅಂಗಡಿಯಲ್ಲಿ ಕೂತವನನ್ನು ಕಂಡರೆ ಜನ ಏನಾದರೂ ಅಂದೇ ಅನ್ನುತ್ತಾರೆ ಎಂಬುದು ಮೆಹಬೂಬಸುಭಾನಿಗೆ ಗೊತ್ತಿತ್ತು. ಗೊತ್ತಿದ್ದೂ, ಬೆಳಗಿನಿಂದ ಅಂಗಡಿಯ ಮುಂದೆ ನಿಂತವರ ಕಣ್ಣು ಮೊದಲು ತನ್ನ ಹೆಗಲಿಗೆ ಬೀಳುತ್ತದೆ, ಆಮೇಲೆ ಮುಖಕ್ಕೆ ಬರುತ್ತದೆ, ಬಂದು ಅಲ್ಲಿ ನಿಲ್ಲದೆ ಗಾದಿಗಳ ಕಡೆ ಜಾರುತ್ತದೆ ಎಂಬುದನ್ನೇ ಗಮನಿಸುತ್ತ ಕೂತಿದ್ದ. ಕೈಯಲ್ಲಿ ಗಾದಿ ಹೊಲಿಯುವ ಉದ್ದ ಸೂಜಿಯಿತ್ತು. ಅರಳೆ ತುಂಬಿದ ಗಾದಿಗೆ ಅದನ್ನು ಚುಚ್ಚಿ ಆ ಕಡೆಯಿಂದ ಎಳೆದುಕೊಳ್ಳುವಷ್ಟರಲ್ಲಿ ನಡುವೆ ನಿಲ್ಲಿಸಿ ದಮ್ಮು ತೆಗೆದುಕೊಳ್ಳಬೇಕಾಗುತ್ತಿತ್ತು. ಅಪ್ಪನ ಕಾಲದಿಂದ ನರಗುಂದದ ಪೇಟೆಯಲ್ಲಿ ಮಾಡಿಕೊಂಡು ಬಂದ ಕೆಲಸ, ಕಣ್ಣು ಮುಚ್ಚಿಯೂ ಮಾಡಬಲ್ಲ ಕೆಲಸ. ಇವತ್ತು ಹೊಲಿಗೆ ಸೊಟ್ಟಗೆ ಹೋಗಿತ್ತು. ಜ್ವರವೇ ಎಂದು ಕೇಳಿದವರಿಗೆ ಹೌದು ಅಂದ. ಥಂಡಿಯೇ ಅಂದವರಿಗೂ ಹೌದು ಅಂದ. ರಮಜಾನಿನ ಉಪವಾಸ, ರೋಜಾ ಇದ್ದವನು ಸುಳ್ಳು ಹೇಳಬಾರದು ಎಂಬುದು ಪ್ರತಿ ಸಲವೂ ಹೇಳಿ ಮುಗಿದ ಮೇಲೆ ನೆನಪಾಗುತ್ತಿತ್ತು.

ಕಂಬಳಿಯ ಕೆಳಗೆ, ಅಂಗಿಯ ಕೆಳಗೆ, ಭುಜದಿಂದ ಸೊಂಟದವರೆಗೆ ಅವನ ಬೆನ್ನು ಹಸಿರಾಗಿತ್ತು. ರೋಗ ಹತ್ತಿದ ಕರುಳಿನ ಬಹುಪಾಲನ್ನು ದವಾಖಾನೆಯವರು ಕತ್ತರಿಸಿ ತೆಗೆದ ಮೇಲೆ ಉಂಡದ್ದು ಮೈಗೆ ಹತ್ತದೆ ಅವನು ಬಿದಿರ ಗಳದಂತಾಗಿದ್ದ. ಆಗ ಅವರೇ, ಎಲೆ ಬಿಸಿಲು ಹಿಡಿದು ಗಿಡಕ್ಕೆ ಅನ್ನ ಮಾಡಿಕೊಡುವ ಹಾಗೆ ಮನುಷ್ಯನ ಚರ್ಮಕ್ಕೂ ಆ ಕೆಲಸ ಕಲಿಸಿದ್ದೇವೆ ಎಂದು ಹೇಳಿ, ತಾವು ಬೆಳೆಸಿದ ಹಸಿರು ಚರ್ಮವನ್ನು ಅವನ ಬೆನ್ನಿಗೆ ಹಚ್ಚಿ ಕಳಿಸಿದ್ದರು. ಇಂಥವರು ಇನ್ನೂ ಕೆಲವರಿದ್ದಾರಂತೆ, ರೋಣದ ಕಡೆ ಒಬ್ಬ ಮಾಸ್ತರರಿದ್ದಾರಂತೆ. ಅವನು ಯಾರನ್ನೂ ಕಂಡಿರಲಿಲ್ಲ. ಬೆಳಗಿನ ಬಿಸಿಲಿಗೆ ಬೆನ್ನು ಕೊಟ್ಟು ಕೂತರೆ ಸ್ವಲ್ಪ ಹೊತ್ತಿನಲ್ಲೇ ಗಂಟಲ ಬುಡದಲ್ಲಿ ಕಬ್ಬಿನ ಹಾಲಿನಂಥ ಸಿಹಿ ಏಳುತ್ತಿತ್ತು, ಕೈಕಾಲಿಗೆ ಕಸುವು ಇಳಿಯುತ್ತಿತ್ತು. ಕೆಂಡದಂಥ ಮಧ್ಯಾಹ್ನದಲ್ಲಿ ಬೆನ್ನು ತಾನೇ ತನ್ನ ಬಾಯಿ ಮುಚ್ಚಿಕೊಂಡು ಸುಮ್ಮನಾಗುತ್ತಿತ್ತು, ಇಳಿಹೊತ್ತಿಗೆ ಮತ್ತೆ ತೆರೆಯುತ್ತಿತ್ತು. ನೀರು ಬಿದ್ದರೆ ಕುಡಿಯುತ್ತಿತ್ತು. ಬಾಯಿಂದ ಅವನು ತಿನ್ನುವುದು ಗಂಜಿ, ಅಂಗೈಯಷ್ಟು ರೊಟ್ಟಿ, ಒಂದು ಹಣ್ಣು, ಅದೂ ನಾಲಗೆಯ ಸಮಾಧಾನಕ್ಕೆ. ಹಸಿವು ಎಂಬುದು ಮೈಬಿಟ್ಟು ಹೊರಟೇ ಹೋಗಿತ್ತು. ಮೊದಮೊದಲು ಅದೊಂದು ಬಿಡುಗಡೆ ಎನಿಸಿತ್ತು. ಆಮೇಲೆ, ಮನೆಯವರೆಲ್ಲ ರೊಟ್ಟಿ ಬುಟ್ಟಿಯ ಸುತ್ತ ಕೂತು ಬಾಯಿ ತುಂಬಿಕೊಂಡು ಮಾತಾಡುವಾಗ ತಾನೊಬ್ಬ ಬೀಗರ ಮನೆಗೆ ಬಂದವನ ಹಾಗೆ ಅಂಚಿಗೆ ಕೂತಿರುವುದು ಅವನಿಗೇ ಕಾಣತೊಡಗಿತು.

“ಪುಷ್ಪಾವತಿ ಮದುವಿ ಗಾದಿ ಯಾವಾಗ ಕೊಡ್ತಿ ಸುಭಾನಿ?” ಎಂದು ಗವಿಸಿದ್ದಪ್ಪ ಬಂದು ಕಟ್ಟೆಯ ಮೇಲೆ ಕೂತ. ಕಾಲುವೆ ನೀರಿನ ಹೊಲದವನು, ಹತ್ತಿ ಬೆಳೆಯುವವನು, ಮಗಳ ಗಾದಿಗೆ ತನ್ನ ಹೊಲದ ಹತ್ತಿಯನ್ನೇ ಕೊಟ್ಟಿದ್ದ. ಅದು ಮನೆಯ ಮಾಳಿಗೆಯ ಮೇಲೆ ಬಿಸಿಲಿಗೆ ಹರವಿದೆ, ಸಂಜೆ ತುಂಬುತ್ತೇನೆ ಎಂದು ಸುಭಾನಿ ಹೇಳಿದ. ಗವಿಸಿದ್ದಪ್ಪ ಕಂಬಳಿಯ ಅಂಚನ್ನು ಎರಡು ಬೆರಳಲ್ಲಿ ಹಿಡಿದು ನೋಡಿದ. “ಹತ್ತಿ ಬಿಸಲಾಗ, ನೀ ಕಂಬಳ್ಯಾಗ. ಚಲೋ ಆತು.”

“ಥಂಡಿ ಹತ್ತೈತ್ರಿ.”

“ಥಂಡಿ ಅಲ್ಲ, ಏನಲ್ಲ. ಬಿಸಲು ತಾಗಿದ್ರ ನಿನ್ನ ರೋಜಾ ಮುರೀತೈತಂತ. ಓಣಿಗೆಲ್ಲ ಗೊತ್ತೈತಿ.”

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ಸುಭಾನಿಯ ಕೈ ತನ್ನಷ್ಟಕ್ಕೆ ಹೆಗಲಿಗೆ ಹೋಯಿತು. ಗವಿಸಿದ್ದಪ್ಪ ನಗಲಿಲ್ಲ. “ನಾವೂ ಶಿವರಾತ್ರಿಗೆ ಉಪವಾಸ ಮಾಡಿದ್ವಿ. ಉತ್ತತ್ತಿ, ಬಾಳಿಹಣ್ಣು, ಸಾಬೂದಾನಿ, ಏನ್ ಬಿಟ್ವಿ? ಯಾವ ದೇವರು ಬಂದು ಕೇಳಿದ? ಊಟ ತನ್ನಿಚ್ಛೆ, ನೋಟ ಪರರಿಚ್ಛೆ ಅಂತಾರ. ನೀ ಊಟಾನೂ ಮಂದಿ ಇಚ್ಛೆ ಮಾಡಾಕತ್ತಿ ನೋಡು.” ಎದ್ದು ಹೋಗುವಾಗ ಅವನು, ಈ ಉಸಾಬರಿ ಮುಗಿದ ಮೇಲೆ ನಮ್ಮ ಹೊಲಕ್ಕೆ ಬಂದು ಸಾಲಿನಲ್ಲಿ ನಿಲ್ಲು, ನೀರಿನ ಜೊತೆ ಗೊಬ್ಬರವನ್ನೂ ಹಾಕುತ್ತೇನೆ ಅಂದ. ಆ ಮಾತಿಗೆ ಸುಭಾನಿಗೆ ನಿಜವಾಗಿಯೂ ನಗು ಬಂತು, ಆದರೆ ನಕ್ಕಿದ್ದಕ್ಕೆ ತಲೆ ಸುತ್ತಿದಂತಾಗಿ ಗಾದಿಯ ಮೇಲೆ ಕೈಯೂರಿದ.

ಮಂದಿಯ ಇಚ್ಛೆಯೇ? ಹೋದ ವರ್ಷ ಗಜೇಂದ್ರಗಡದಲ್ಲಿ, ಹೆಂಡತಿಯ ತಮ್ಮ ಖಾದರನ ಮನೆಯಲ್ಲಿ ಸಂಜೆ ರೋಜಾ ಬಿಡುವ ಇಫ್ತಾರಿಗೆ ಕೂತಿದ್ದು ಅವನ ಕಣ್ಣ ಮುಂದೆ ಬಂತು. ಉದ್ದಕ್ಕೆ ಹಾಸಿದ ಊಟದ ಬಟ್ಟೆ, ದಸ್ತರಖಾನಿನ ಎರಡೂ ಬದಿಗೆ ಗಂಡಸರು. ಖಜೂರದ ತಾಟು ಕೈಯಿಂದ ಕೈಗೆ ಬರುತ್ತಿತ್ತು. ಅವನು ಕೈ ಚಾಚಿದ್ದ, ಬೆರಳ ತುದಿಗೆ ತಾಟಿನ ಅಂಚು ತಾಗಿಯೂ ಇತ್ತು. ಆಗ ಖಾದರ ಅದನ್ನು ಹಗುರಾಗಿ ಎತ್ತಿ ಆಚೆಯವರಿಗೆ ದಾಟಿಸಿ, “ಮಾಮಾಗ ಬ್ಯಾಡ, ಅವರದು ಮುಂಜಾನೇನ ಮಾಳಗಿ ಮ್ಯಾಲೆ ಆಗೈತಿ” ಅಂದ. ಎಲ್ಲರೂ ನಕ್ಕರು. ಸುಭಾನಿಯೂ ನಕ್ಕ, ಎಲ್ಲರಿಗಿಂತ ಸ್ವಲ್ಪ ಹೆಚ್ಚು ಹೊತ್ತು ನಕ್ಕ. ಖಾದರ ಕೆಟ್ಟವನಲ್ಲ, ಆಪರೇಶನ್ನಿನ ದಿನಗಳಲ್ಲಿ ಅವನ ಹಾಸಿಗೆಯ ಕೆಳಗೆ ಚಾಪೆ ಹಾಸಿಕೊಂಡು ಮಲಗಿದವನು. ಅದಕ್ಕೇ ಆ ಮಾತು ಹೆಚ್ಚು ಒಳಕ್ಕೆ ಇಳಿದಿತ್ತು. ನಗುವಿನ ನಡುವೆ, ಚಾಚಿದ ಕೈಯನ್ನು ಹಿಂದಕ್ಕೆ ತಂದು ಎಲ್ಲಿಡಬೇಕೆಂದು ತಿಳಿಯದೆ ಮೊಣಕಾಲ ಮೇಲೆ ಇಟ್ಟುಕೊಂಡಿದ್ದ. ಆ ಕೈ ಈಗಲೂ ಅಲ್ಲೇ ಇದ್ದಂತೆ ಅನಿಸುತ್ತದೆ.

ಈ ರಮಜಾನಿಗೆ ಮೊದಲು ಅವನು ಮಸೂತಿಯ ಪೇಶಇಮಾಮ ಉಮರ ಹಜರತರನ್ನು ಕೇಳಿದ್ದ. ಅವರು ಗಡ್ಡ ಸವರಿಕೊಳ್ಳುತ್ತ, “ಬಾಯಾಗ ಹೋದದ್ದು ಊಟ ಸುಭಾನಿ. ಬೆನ್ನಾಗ ಹೋದದ್ದರ ಬಗ್ಗೆ ನನಗ ಯಾರೂ ಕಲಿಸಿಲ್ಲ. ದೊಡ್ಡವರನ್ನ ಕೇಳಿ ಹೇಳತೀನಿ. ಅಲ್ಲೀತನಕ ನೀ ರೋಗಿ, ರೋಗಿಗೆ ಮಾಫಿ ಐತಿ. ಮೈ ಕೆಡಿಸಿಕೊಳ್ಳೂದು ಗುನ್ಹೆ” ಅಂದಿದ್ದರು. ಇದಕ್ಕಿಂತ ಒಳ್ಳೆಯ ಮಾತನ್ನು ಯಾರು ತಾನೇ ಹೇಳಿಯಾರು? ಆದರೆ ಅವನಿಗೆ ಮಾಫಿ ಬೇಕಾಗಿರಲಿಲ್ಲ. ಹೌದು, ಇಲ್ಲವೇ ಅಲ್ಲ ಎಂಬ ಒಂದು ಮಾತು ಬೇಕಾಗಿತ್ತು. ಮಾಫಿ ಎಂದರೆ ಹೊರಗಿರು ಎಂದೇ ಅವನ ಕಿವಿಗೆ ಬಿತ್ತು. ಬಿಸಿಲು ಊಟವೋ ಅಲ್ಲವೋ ಎಂಬುದನ್ನು ಗಂಟಲಲ್ಲಿ ಏಳುವ ಆ ಸಿಹಿಗಿಂತ ಚೆನ್ನಾಗಿ ಬಲ್ಲವರು ಯಾರು? ಅದು ಊಟವೇ. ಊಟವಾದರೆ ಹಗಲು ಅದನ್ನು ಬಿಡಬೇಕು. ಹೀಗೆ ತನಗೆ ತಾನೇ ತೀರ್ಪು ಕೊಟ್ಟುಕೊಂಡು, ಚಂದ್ರ ಕಂಡ ಮರುದಿನದಿಂದ ಕಂಬಳಿ ಹೊದ್ದ. ಬೆನ್ನಿಗೆ ನೀರು ಬೀಳಬಾರದೆಂದು ನಸುಕಿನ ಸೆಹರಿ ಊಟಕ್ಕೆ ಮುಂಚೆಯೇ ಸ್ನಾನ ಮುಗಿಸುತ್ತಿದ್ದ. ಒಂದು ಸಂಗತಿ ಮಾತ್ರ ಮೊದಲ ಸಂಜೆಯೇ ಅವನಿಗೆ ಹೊಳೆದು ಮೈ ಜುಮ್ಮೆಂದಿತ್ತು: ಎಲ್ಲರಿಗೂ ಸೂರ್ಯ ಮುಳುಗಿದಾಗ ಊಟ ಬರುತ್ತದೆ, ಅವನಿಗೆ ಸೂರ್ಯ ಮುಳುಗಿದಾಗ ಊಟ ಹೋಗುತ್ತದೆ. ಅವನ ರೋಜಾಕ್ಕೆ ಬಿಡುವ ಹೊತ್ತೇ ಇರಲಿಲ್ಲ.

ಹೆಂಡತಿ ಕಮರುನ್ನಿಸಾ ಮೊದಲು ಬೈದಳು, ಆಮೇಲೆ ಅತ್ತಳು, ಆಮೇಲೆ ಮಾತು ಬಿಟ್ಟಳು. ಇವತ್ತು ಸೆಹರಿಯ ಹೊತ್ತಿಗೆ, ಅವನ ಬೆನ್ನು ಒರೆಸುತ್ತಿದ್ದವಳು ದೀಪ ಹತ್ತಿರ ತಂದು ನೋಡಿ ಬಾಯಿ ತೆರೆದಿದ್ದಳು. “ತುದಿ ಹಳದಿ ಆಗಾಕತ್ತೈತ್ರಿ. ಡಾಕ್ಟರು ಏನ್ ಹೇಳಿದ್ರು, ನೆನಪೈತಿಲ್ಲೋ? ಹಳದಿ ಆಗಿ ಉದುರಿದ್ರ ಮತ್ತ ಬರೂದಿಲ್ಲ ಅಂದಿದ್ರು. ಆಮ್ಯಾಲೆ ನಿಮಗ ಏನ್ ತಿನಸಲಿ? ಕರುಳು ಎಲ್ಲೈತಿ?” ಅವನು ಅಂಗಿ ತೊಟ್ಟುಕೊಂಡ. ಒಳಕೋಣೆಯಲ್ಲಿ ಮಗಳು ಅಂಜುಮ, ಇವತ್ತು ತನ್ನ ಜೀವನದ ಮೊದಲ ರೋಜಾ ಹಿಡಿಯಲಿರುವವಳು, ಯಾರೂ ಎಬ್ಬಿಸದೆ ತಾನೇ ಎದ್ದು ಮುಖ ತೊಳೆದುಕೊಂಡು ಕೂತಿದ್ದಳು. ಸಂಜೆ ಅವಳಿಗೆ ಹೊಸ ಬಟ್ಟೆ ತೊಡಿಸಿ, ಹೂವಿನ ಹಾರ ಹಾಕಿ, ನೆಂಟರ ನಡುವೆ ಕೂರಿಸಿ ರೋಜಾ ಬಿಡಿಸುವ ಸಡಗರ. ಗಜೇಂದ್ರಗಡದಿಂದ ಖಾದರ ಬರುವವನಿದ್ದ. “ಈ ಸಲ ನೀನೂ ರೋಜಾ ಇರ್ತಿಯಲ್ಲ ಅಪ್ಪಾ? ಖರೇನ?” ಎಂದು ತಿಂಗಳ ಹಿಂದೆಯೇ ಅವಳು ಕೇಳಿದ್ದಳು. ಖರೇನೇ ಎಂದು ಅವನು ಮಾತು ಕೊಟ್ಟಿದ್ದ. ಕೊಡುವಾಗ, ಅವಳ ಪಕ್ಕದಲ್ಲಿ ಖಾದರನ ಎದುರಿಗೇ ಕೂತು ತಾನು ಖಜೂರ ತೆಗೆದುಕೊಳ್ಳುವ ಚಿತ್ರ ಅವನ ಮನಸ್ಸಿನಲ್ಲಿತ್ತು. ಮಗಳ ಹೆಗಲ ಮೇಲೆ ಬಂದೂಕಿಟ್ಟು ಹೊಡೆಯುವ ಆಸೆ ಅದು ಎಂದು ಅವನಿಗೆ ಆಗಲೇ ಗೊತ್ತಿತ್ತು, ಗೊತ್ತಿದ್ದೂ ನಾಚಿಕೆಯಾಗಲಿಲ್ಲ.

ಶುಕ್ರವಾರದ ಜುಮ್ಮಾ ನಮಾಜು ಮುಗಿಸಿ ಮನೆಗೆ ಬಂದಾಗ ಮನೆ ತುಂಬ ಕರಿದ ವಾಸನೆಯಿತ್ತು. ಕಮರುನ್ನಿಸಾ ಅವನನ್ನು ನೋಡಿ ಮತ್ತೆ ಬಾಣಲೆಗೆ ತಿರುಗಿದಳು. ಅವನು ಮಾಳಿಗೆ ಹತ್ತಿ, ಅರಳೆ ಹಾರದಂತೆ ಮುಚ್ಚಿದ ಹಳೆ ಸೀರೆ ಸರಿಸಿ, ಕೋಲಿನಿಂದ ಹತ್ತಿಯನ್ನು ತಿರುವಿ ಹಾಕಿದ. ಹತ್ತಿ ಬಿಸಿಲು ಕುಡಿದು ಉಬ್ಬಿತ್ತು. ಅದರ ಮೇಲೆ ಅವನಿಗೆ ಒಂದು ಕ್ಷಣ ಹೊಟ್ಟೆಕಿಚ್ಚಾಯಿತು, ಹತ್ತಿಯ ಮೇಲೆ. ಮೂಲೆಯ ತಗಡಿನ ನೆರಳಿಗೆ ಹೋಗಿ ಕೂತ. ಕಂಬಳಿಯ ಒಳಗೆ ಒಲೆಯಂಥ ಶೆಕೆ. ನೆರಳೇ ಇದೆಯಲ್ಲ ಎಂದು ಕಂಬಳಿ ತೆಗೆದ. ಬೆವರಿಗೆ ಅಂಟಿದ ಅಂಗಿಯನ್ನೂ ತೆಗೆದ. ಮೊಣಕಾಲ ಮೇಲೆ ಹಣೆಯಿಟ್ಟು ಕಣ್ಣು ಮುಚ್ಚಿದ್ದಷ್ಟೇ ನೆನಪು.

ಎಚ್ಚರವಾದದ್ದು ಗಂಟಲಿನ ಸಿಹಿಗೆ. ಚಂದ್ರ ಕಂಡ ಮೇಲೆ ಹಗಲಿನಲ್ಲಿ ಬಾರದ ಸಿಹಿ, ಇಷ್ಟು ದಿನ ಕಾದು ಕೂತಿದ್ದಂತೆ ಒಮ್ಮೆಲೆ ಬಂದಿತ್ತು. ತಗಡಿನ ನೆರಳು ಸರಿದು ಗೋಡೆಯ ಬುಡಕ್ಕೆ ಹೋಗಿತ್ತು, ಇಳಿಬಿಸಿಲು ನೆಟ್ಟಗೆ ಬೆನ್ನಿನ ಮೇಲಿತ್ತು. ಬೆನ್ನಿನ ಮೇಲೆ ಇನ್ನೂ ಒಂದು ಭಾರವಿತ್ತು, ಚಿಕ್ಕದು, ಬೆಚ್ಚಗಿನದು. ಅಂಜುಮ ತನ್ನ ಕೆನ್ನೆಯನ್ನು ಅವನ ಬೆನ್ನಿಗೆ ಒತ್ತಿ ಕೂತಿದ್ದಳು. ಅಪ್ಪನ ಬೆನ್ನು ತಂಪು ಎಂದು ಬೇಸಿಗೆಯಲ್ಲಿ ಅವಳು ಹೀಗೆ ಕೂರುವುದಿತ್ತು. ಎದ್ದುಬಿಡಬೇಕಾಗಿತ್ತು. ಕಂಬಳಿ ಕೈಯಳತೆಯಲ್ಲೇ ಬಿದ್ದಿತ್ತು. ಅವನು ಏಳಲಿಲ್ಲ. ಮಲಗಿದವನ ಹಾಗೆ ಉಸಿರು ಬಿಡುತ್ತ, ಕಣ್ಣು ಮುಚ್ಚಿಯೇ, ಸಿಹಿಯನ್ನು ನುಂಗುತ್ತ ಕೂತ. ಇನ್ನು ಸ್ವಲ್ಪ, ಇನ್ನು ಸ್ವಲ್ಪ ಎಂದುಕೊಂಡ. ನಿದ್ದೆಯಲ್ಲಿ ತಿಂದದ್ದಕ್ಕೆ ಗುನ್ಹೆಯಿಲ್ಲ, ಮರೆತು ತಿಂದದ್ದಕ್ಕೂ ಇಲ್ಲ. ಆದರೆ ಅವನು ಎಚ್ಚರವಿದ್ದ, ನೆನಪೂ ಇತ್ತು. ಇಷ್ಟು ದಿನದ ಹಟವೆಲ್ಲ ಇಷ್ಟಕ್ಕೇ ಎಂದು ತನ್ನ ಮೇಲೆ ಅಸಹ್ಯವಾಯಿತು, ಅಸಹ್ಯವಾಗುತ್ತಿರುವಾಗಲೂ ಭುಜ ಬಿಸಿಲಿಗೆ ಅಗಲವಾಗಿ ತೆರೆದುಕೊಂಡಿತು.

“ಅಪ್ಪಾ, ಎಚ್ಚರ ಅದಿಯೇನು?”

“ಹೂಂ.”

“ನನ್ನ ಹಸಿವಿ ಹೋತು.” ಮೊದಲು ಅವಳು ಅದನ್ನು ಸಂತೋಷದಿಂದಲೇ ಹೇಳಿದಳು. ಆಮೇಲೆ ಅವಳ ಕೆನ್ನೆ ಮೆಲ್ಲಗೆ ಬೆನ್ನಿನಿಂದ ಬಿಟ್ಟುಕೊಂಡಿತು. ಅವನು ತಿರುಗಿ ನೋಡುವಷ್ಟರಲ್ಲಿ ಅವಳು ಗೋಡೆಗೆ ಅಂಟಿ ನಿಂತಿದ್ದಳು. ತುಟಿ ಒಣಗಿ ಬೆಳ್ಳಗಾಗಿತ್ತು. “ಹೊಟ್ಟಿ ಭಾಳ ನೋವಾಗಿತ್ತು. ಈಗ ಇಲ್ಲ. ನಿನ್ನ ಬೆನ್ನಿಂದ ನನಗ ಬಂತೇನು?”

“ಹುಚ್ಚಿ, ನಂದು ನಿನಗ ಹ್ಯಾಂಗ ಬರತೈತಿ?”

“ತಾಗಿದ್ರ ಬರತೈತಿ. ಜ್ವರ ಬರೂದಿಲ್ಲೇನು?” ಅವಳು ಕೆನ್ನೆಯನ್ನು ಅಂಗೈಯಿಂದ ಒರೆಸಿಕೊಂಡಳು. “ನನ್ನ ರೋಜಾ ಮುರೀತು.”

“ಇಲ್ಲ. ಬಿಸಲು ಊಟ ಅಲ್ಲ ಅಂಜುಮ.”

“ಮತ್ತ ನೀ ಯಾಕ ಕಂಬಳಿ ಹೊಚಗೊಂಡಿದ್ದಿ? ಅವ್ವ ಅತ್ತಳು, ಆದ್ರೂ ನೀ ತಗೀಲಿಲ್ಲ. ಊಟ ಅಲ್ಲಂದ್ರ ಯಾಕ ಹೊಚಗೊಂಡಿ?”

ನನಗೆ ಅದು ಊಟ, ನಿನಗಲ್ಲ ಎಂದರೆ ಅವಳು ನಂಬುವುದಿಲ್ಲ. ಹಸಿವು ಹೋಗಿದೆ, ಅದು ಅವಳ ಹೊಟ್ಟೆಗೆ ಗೊತ್ತಿದೆ. ಹೊತ್ತು ಇಳಿಯುವಾಗ ಹಸಿವು ತಾನೇ ಸತ್ತು ಸುಮ್ಮನಾಗುತ್ತದೆ, ರೋಜಾ ಹಿಡಿದವರಿಗೆಲ್ಲ ಗೊತ್ತು ಅಂದ. ಅವಳು ಇಲ್ಲವೆಂದು ತಲೆಯಾಡಿಸಿದಳು. ಅಳುತ್ತಿರಲಿಲ್ಲ, ಅತ್ತಿದ್ದರೆ ಅವನಿಗೆ ಸುಲಭವಾಗುತ್ತಿತ್ತು. “ಸಂಜಿಗೆ ನಾ ಹಾರ ಹಾಕಿಸಿಕೊಳ್ಳೂದಿಲ್ಲ. ಮಂದಿಗೆ ಗೊತ್ತಾಗೂದಿಲ್ಲ. ಆದ್ರ ಅಲ್ಲಾಗ ಗೊತ್ತಿರತೈತಿ” ಅಂದಳು. ಆ ಮುಖದಲ್ಲಿ ಅವನು ತನ್ನನ್ನೇ ಕಂಡ. ಯಾರ ಸಮಾಧಾನವನ್ನೂ ಒಳಗೆ ಬಿಟ್ಟುಕೊಳ್ಳದ, ತನಗೆ ತಾನೇ ತೀರ್ಪು ಕೊಟ್ಟುಕೊಂಡು ಕೂರುವ ಮುಖ. ಅವನಿಗೆ ಹೆದರಿಕೆಯಾಯಿತು. ದವಾಖಾನೆಯ ಮೇಜಿನ ಮೇಲೆ ಮಲಗಿದಾಗಲೂ ಹೀಗೆ ಹೆದರಿರಲಿಲ್ಲ. ಈ ಮೊದಲ ರೋಜಾ ಇವಳ ಮನಸ್ಸಿನಲ್ಲಿ ಮುರಿದದ್ದಾಗಿಯೇ ಉಳಿಯುತ್ತದೆ, ಅಪ್ಪನ ಬೆನ್ನಿಗೆ ಕೆನ್ನೆಯಿಟ್ಟಿದ್ದು ತಪ್ಪೆಂದೇ ಉಳಿಯುತ್ತದೆ, ಇನ್ನೆಂದೂ ಇವಳು ಬಂದು ಹೀಗೆ ಕೂರುವುದಿಲ್ಲ.

“ಥಂಡಿ ಹತ್ತಿತ್ತು, ಅದಕ್ಕ ಹೊಚಗೊಂಡಿದ್ದೆ” ಅಂದ. “ಈಗ ಬಿಟ್ಟೈತಿ. ನಂದೂ ರೋಜಾ ಐತಿ, ನಿಂದೂ ಐತಿ. ಬಾ, ಕೆಳಗ ಹೋಗೂಣು.”

ಅವಳು ಅಷ್ಟಕ್ಕೆಲ್ಲ ನಂಬುವವಳಲ್ಲ. ಕೆಳಗಿಳಿದು, ಓಣಿಯ ಕಡೆಗಿನ ಕಟ್ಟೆಯ ಮೇಲೆ, ಬಿಸಿಲು ಇನ್ನೂ ಬೀಳುತ್ತಿದ್ದ ಜಾಗದಲ್ಲಿ, ಅವನು ಬರಿಮೈಯಲ್ಲಿ ಬೆನ್ನು ತಿರುಗಿಸಿ ಕೂತಾಗ ಅವಳು ಬಾಗಿಲ ಚೌಕಟ್ಟಿಗೆ ಒರಗಿ ನೋಡುತ್ತಲೇ ಇದ್ದಳು. ಓಣಿಯ ಗಂಡಸರು ಇಳಿಹೊತ್ತಿನ ಅಸರ್ ನಮಾಜಿಗೆ ಹೋಗುವ ಹೊತ್ತು. ಸಲಾಮು ಹೇಳುತ್ತ ಹೋದರು. ಒಬ್ಬಿಬ್ಬರು ತಿರುಗಿ ಇನ್ನೊಮ್ಮೆ ನೋಡಿದರು. ಕಮರುನ್ನಿಸಾ ಹಿಟ್ಟಿನ ಕೈಯಲ್ಲೇ ಹೊರಗೆ ಬಂದವಳು ಗಂಡನ ಬೆನ್ನನ್ನು, ಅದರ ಮೇಲಿನ ಬಿಸಿಲನ್ನು ನೋಡಿ ನಿಂತಳು. ಅವಳ ಕಣ್ಣು ತುಂಬಿತು. ಮೊಣಕೈಯಿಂದ ಕಣ್ಣೊರೆಸಿಕೊಂಡು ಒಳಗೆ ಹೋದಳು. ಸಿಹಿ ಏಳುತ್ತಲೇ ಇತ್ತು. ಅವನಿಗೆ ಅದನ್ನು ಉಗಿಯುವುದಕ್ಕೂ ಬರುವಂತಿರಲಿಲ್ಲ.

ಖಾದರ ಮೋಟಾರ್ ಸೈಕಲ್ ನಿಲ್ಲಿಸಿ, ಹೂವಿನ ಹಾರದ ಪೊಟ್ಟಣವನ್ನು ಎದೆಗೆ ಹಿಡಿದುಕೊಂಡು ಇಳಿದ. “ಏನ್ರೀ ಮಾಮಾ, ಊಟಕ್ಕ ಕುಂತೀರೇನು?” ಅಂದ. ಮೊದಲಿನ ಹಾಗೆಯೇ, ಅದೇ ಸಲಿಗೆಯಲ್ಲಿ. ಚೌಕಟ್ಟಿನ ಬಳಿ ಅಂಜುಮ ಉಸಿರು ಹಿಡಿದು ನಿಂತದ್ದು ಸುಭಾನಿಗೆ ತಿರುಗದೆಯೇ ಗೊತ್ತಾಯಿತು. ಈ ಸಲ ಅವನು ನಗಲಿಲ್ಲ.

“ಊಟ ಅಲ್ಲೋ ಖಾದರ. ನನಗ ರೋಜಾ ಐತಿ. ಸುಮ್ಮನ ಬಿಸಲಿಗೆ ಕುಂತೀನಿ. ಬಿಸಲು ಎಲ್ಲಾರ ಮ್ಯಾಲೂ ಬೀಳತೈತಿ, ಅದೇನು ಊಟ ಆಗತೈತೇನು?”

ಖಾದರ ಅಕ್ಕನ ಗಂಡನ ಮುಖ ನೋಡಿದ. “ಇಲ್ಲ ಬಿಡ್ರಿ ಮಾಮಾ, ಹ್ಯಾಂಗ ಆಗತೈತಿ” ಅಂದು ಅಂಜುಮಳ ತಲೆ ಸವರಿ ಒಳಗೆ ಹೋದ. ಅವಳು ಅಪ್ಪನ ಪಕ್ಕಕ್ಕೆ ಬಂದು ಕೂತಳು, ಆದರೆ ಬೆನ್ನಿಗೆ ತಾಗದಂತೆ. ಎದುರು ಮನೆಯ ನೆರಳು ಓಣಿ ದಾಟಿ ಅವರ ಕಾಲಿಗೆ ಬರುವವರೆಗೂ ಇಬ್ಬರೂ ಹಾಗೇ ಕೂತಿದ್ದರು. ನೆರಳು ಮೊಣಕಾಲಿಗೆ ಬಂದಾಗ ಅವಳು, “ಮತ್ತ ಹಸಿವಿ ಆಗಾಕತ್ತೈತಿ” ಅಂದಳು. ಅದನ್ನು ಹೇಳುವಾಗ ಅವಳ ಮುಖ ಅರಳಿತು.

ದಸ್ತರಖಾನಿನ ನಡುವೆ ಹೊಸ ಬಟ್ಟೆ ತೊಟ್ಟು, ಹಾರ ಹಾಕಿಕೊಂಡು ಅವಳು ಕೂತಾಗ ಸುಭಾನಿ ಅವಳ ಬಲಕ್ಕೆ ಕೂತ. ಎದುರಿಗೆ ಖಾದರ. ಖಜೂರದ ತಾಟು ಬಂತು. ಖಾದರನೇ ಎರಡೂ ಕೈಯಲ್ಲಿ ಹಿಡಿದು ಮೊದಲು ಅವನ ಮುಂದೆ ಚಾಚಿದ. ಸುಭಾನಿ ಒಂದನ್ನು ತೆಗೆದುಕೊಂಡ. ವರ್ಷದಿಂದ ಕಾದಿದ್ದ ಗಳಿಗೆ. ಖಜೂರ ಬೆರಳುಗಳ ನಡುವೆ ಅಂಟು ಅಂಟಾಗಿತ್ತು, ಅವನ ಹೊಟ್ಟೆ ತುಂಬಿತ್ತು. ಮಸೂತಿಯಿಂದ ಅಜಾನ್ ಕೇಳಿಸಿತು. ಎಲ್ಲರೂ ಅಂಗೈ ಎತ್ತಿದರು. ನಿನಗಾಗಿ ರೋಜಾ ಇದ್ದೆ, ನೀನು ಕೊಟ್ಟದ್ದರಿಂದಲೇ ಬಿಡುತ್ತಿದ್ದೇನೆ ಎಂಬ ದುವಾ. ನೀನು ಕೊಟ್ಟದ್ದು ಎಂಬುದನ್ನು ಅವನು ಎಷ್ಟು ಸಲ ಬೇಕಾದರೂ ಹೇಳಬಲ್ಲ. ಆ ಮೊದಲ ಅರ್ಧವನ್ನು ಹೇಳುವುದು ಹೇಗೆ? ಬರೀ ತುಟಿ ಆಡಿಸಿದರಾಯಿತು, ಯಾರಿಗೂ ತಿಳಿಯುವುದಿಲ್ಲ ಎಂದುಕೊಂಡ. ಅಂಜುಮ ತನ್ನ ಖಜೂರವನ್ನು ತುಟಿಯ ಹತ್ತಿರ ಹಿಡಿದುಕೊಂಡು, ತಿನ್ನದೆ, ಅವನ ಬಾಯಿಯನ್ನೇ ನೋಡುತ್ತಿದ್ದಳು. ಅವನು ಹೇಳುವುದನ್ನು ಕೇಳಿದ ಮೇಲೆಯೇ ಅವಳು ತಿನ್ನುವವಳು.

ಅವನು ದುವಾವನ್ನು ಮೊದಲಿನಿಂದ ಕೊನೆಯವರೆಗೆ, ಎಲ್ಲರಿಗೂ ಕೇಳುವಂತೆ ಹೇಳಿದ. ಅಂಜುಮ ಖಜೂರ ಕಚ್ಚಿದಳು.